ಹೊಸ ಸೆರಾಮಿಕ್ ಗ್ರಿಲ್ ಮನೆಗೆ ಬಂತಾ? ಮೊದಲ ಬೆಂಕಿ ಹಚ್ಚೋ ಮುಂಚೆ ಇಷ್ಟು ತಿಳ್ಕೊಳ್ಳಿ

ಸಕಲೇಶಪುರ: ಮೊಟ್ಟೆ ಆಕಾರ, ಮೇಲೆ ಹಸಿರೋ ಕೆಂಪೋ ಹೊಳೆಯೋ ಬಣ್ಣ, ಎತ್ತೋಕೆ ಹೋದ್ರೆ ಸೊಂಟ ಹಿಡಿಯೋ ಭಾರ. ಹೋಂಸ್ಟೇಗಳ ಅಂಗಳದಲ್ಲಿ, ಕೆಲವರ ಮನೆ ಹಿತ್ತಲಲ್ಲಿ ಈಗ ಈ ಸಣ್ಣ ಸೆರಾಮಿಕ್ ಇದ್ದಿಲು ಗ್ರಿಲ್ ಕಾಣಿಸ್ತಿದೆ. ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ರೆ ಪಾರ್ಸೆಲ್ ಬರುತ್ತೆ, ಜೊತೆಗೆ ಇಂಗ್ಲಿಷ್‌ನಲ್ಲಿ ಒಂದು ಪುಸ್ತಕ. ಆ ಪುಸ್ತಕ ಡಬ್ಬದ ಜೊತೆಗೇ ಅಟ್ಟ ಸೇರುತ್ತೆ. ಇದ್ದಿಲು ಸುರಿದು, ಸೀಮೆಎಣ್ಣೆ ಹೊಯ್ದು, ಬೆಂಕಿ ಹಚ್ಚಿ ಕೋಳಿ ಇಟ್ಟುಬಿಡ್ತಾರೆ. ಅರ್ಧ ಗಂಟೆ ಬಿಟ್ಟು ನೋಡಿದ್ರೆ ಹೊರಗೆ ಕರಕಲು, ಒಳಗೆ ಹಸಿ, ಬಾಯಿಗಿಟ್ಟರೆ ಸೀಮೆಎಣ್ಣೆ ವಾಸನೆ.

ಕೋಳಿ ಕರಕಲಾದ್ರೆ ಒಂದು ಹೊತ್ತಿನ ಊಟ ಹೋಯ್ತು. ಗ್ರಿಲ್ ಬಿರುಕು ಬಿಟ್ಟರೆ ಸಾವಿರಾರು ರೂಪಾಯಿ ಹೋಯ್ತು. ಮಳೆ ಬಂತು ಅಂತ ಕೆಂಡದ ಸಮೇತ ಅದನ್ನ ರೂಮಿನೊಳಗೆ ಎಳ್ಕೊಂಡ್ರೆ ಮಾತ್ರ ಜೀವಕ್ಕೇ ಸಂಚಕಾರ. ಅದಕ್ಕೇ ಈ ಬರಹ.

ಇದು ಎಲ್ಲಿಂದ ಬಂತು?

ಮೂಲ ಜಪಾನ್. ಅಲ್ಲಿ ಒಲೆಗೆ 'ಕಮಾಡೋ' ಅಂತಾರೆ. ಅನ್ನ ಬೇಯಿಸೋಕೆ ಅವರು ಬಳಸ್ತಿದ್ದ ಮುಚ್ಚಳದ ದುಂಡನೆ ಮಣ್ಣಿನ ಒಲೆಯನ್ನ ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿದ್ದ ಅಮೆರಿಕದ ಸೈನಿಕರು ನೋಡಿ, ಇಷ್ಟಪಟ್ಟು, ತಮ್ಮೂರಿಗೆ ಸಾಗಿಸಿದ್ರು. 1974ರಲ್ಲಿ ಎಡ್ ಫಿಶರ್ ಅನ್ನೋರು ಅಟ್ಲಾಂಟಾದಲ್ಲಿ 'ಬಿಗ್ ಗ್ರೀನ್ ಎಗ್' ಕಂಪನಿ ಶುರು ಮಾಡಿದ್ರು. ಬರೀ ಮಣ್ಣಿನ ಒಲೆ ಬಿರುಕು ಬಿಡ್ತಿತ್ತು, ಬಾಳಿಕೆ ಬರ್ತಿರಲಿಲ್ಲ. ಆಮೇಲೆ ಹೆಚ್ಚು ಶಾಖ ತಡ್ಕೊಳ್ಳೋ ಸೆರಾಮಿಕ್ ಬಂತು. ಈಗ ಬೇರೆ ಬೇರೆ ಕಂಪನಿಗಳದ್ದು ಸಿಗುತ್ತೆ, ಒಳಗಿನ ಲೆಕ್ಕಾಚಾರ ಮಾತ್ರ ಎಲ್ಲದ್ದೂ ಒಂದೇ. ನಮ್ಮ ಕಡೆ ಡಾಬಾದವರ ತಂದೂರ್ ಒಲೆ ಇದೆಯಲ್ಲ, ಅದರ ದೂರದ ನೆಂಟ ಅನ್ನಿ. ಎರಡರಲ್ಲೂ ಬೆಂಕಿ ಮಾತ್ರ ಅಲ್ಲ, ಕಾದ ಗೋಡೆಯೂ ಬೇಯಿಸುತ್ತೆ.

ಸಣ್ಣದು ಅಂದ್ರೆ ಸಾಮಾನ್ಯವಾಗಿ 10ರಿಂದ 13 ಇಂಚಿನ ಜಾಲರಿ ಇರೋದು. ಸಣ್ಣದು ಅಂತ ಹಗುರ ಅನ್ಕೋಬೇಡಿ, 13 ಇಂಚಿನದ್ದು 30 ಕೆ.ಜಿ. ಆಸುಪಾಸು ಇರುತ್ತೆ, ಕೆಲವು ಇನ್ನೂ ಭಾರ. ಇಳಿಸೋಕೆ ಇಬ್ಬರು ಬೇಕು. ಮುಚ್ಚಳದ ಹಿಡಿ ಹಿಡಿದು ಎತ್ತಬೇಡಿ.

ಪಾರ್ಸೆಲ್ ಬಂದ ತಕ್ಷಣ

ಡೆಲಿವರಿ ಹುಡುಗ ಹೋಗೋ ಮುಂಚೆ ಡಬ್ಬ ಬಿಚ್ಚಿ. ಮೊಬೈಲಲ್ಲಿ ವಿಡಿಯೋ ಮಾಡ್ತಾ ಬಿಚ್ಚಿದ್ರೆ ಇನ್ನೂ ಒಳ್ಳೆಯದು, ಆಮೇಲೆ ವಾಪಸ್ ಮಾಡೋವಾಗ ಜಗಳ ಕಡಿಮೆ. ಸಂತೇಲಿ ಮಡಕೆ ತಗೊಳ್ಳೋವಾಗ ಬೆರಳಲ್ಲಿ ಬಡಿದು ನೋಡ್ತೀವಲ್ಲ, ಇಲ್ಲೂ ಅದೇ. ಟಣ್ ಅಂದ್ರೆ ಸರಿ. ಒಡಕು ಸದ್ದು ಬಂದ್ರೆ ಎಲ್ಲೋ ಬಿರುಕಿದೆ. ಹೊರಗಿನ ಹೊಳಪಿನ ಮೇಲೆ ಜೇಡರಬಲೆ ಥರ ಸಣ್ಣ ಗೆರೆ ಕಂಡ್ರೆ ಗಾಬರಿ ಬೇಡ, ಅದು ಮೇಲ್ಪದರದ್ದು ಮಾತ್ರ. ಉಗುರು ಸಿಕ್ಕಿಕೊಳ್ಳೋ ಬಿರುಕು, ಒಳಗೂ ಹೊರಗೂ ಕಾಣೋ ಬಿರುಕು ಇದ್ರೆ ವಾಪಸ್ ಕಳಿಸಿ.

ಒಳಗಿರೋ ಸಾಮಾನು ಜಾಸ್ತಿ ಏನಿಲ್ಲ. ಕೆಳಗಡೆ ಗಾಳಿ ಒಳಗೆ ಹೋಗೋ ಕಿಂಡಿ, ಮೇಲ್ಗಡೆ ಹೊಗೆ ಹೊರಗೆ ಹೋಗೋ ತಿರುಗಿಸೋ ಕಿಂಡಿ. ಮಧ್ಯೆ ಇದ್ದಿಲು ತುಂಬೋ ಬಟ್ಟಲು, ಅದರ ತಳದಲ್ಲಿ ತೂತಿನ ತಟ್ಟೆ, ಮೇಲೆ ಮಾಂಸ ಇಡೋ ಜಾಲರಿ. ಮುಚ್ಚಳ ಕೂರೋ ಅಂಚಿಗೆ ಉಣ್ಣೆಬಟ್ಟೆ ಥರದ ಪಟ್ಟಿ ಅಂಟಿಸಿರ್ತಾರೆ, ಗಾಳಿ ಸೋರಬಾರದು ಅಂತ. ಜೊತೆಗೆ ಒಂದು ಸೆರಾಮಿಕ್ ಬಿಲ್ಲೆ ಬಂದಿದ್ರೆ ಅದನ್ನ ಎಸೀಬೇಡಿ, ಮೂಲೆಗೂ ಹಾಕಬೇಡಿ. ಅದು ಕೆಂಡಕ್ಕೂ ಮಾಂಸಕ್ಕೂ ನಡುವೆ ಇಡೋ ಅಡ್ಡತಟ್ಟೆ. ಕೋಳಿ ಚೆನ್ನಾಗಿ ಬೇಯೋದು ಅದರಿಂದಲೇ. ಅದು ಬಂದಿಲ್ಲ ಅಂದ್ರೆ ಬೇರೆಯಾಗಿ ತರಿಸಿಕೊಳ್ಳಿ.

ಇಡೋ ಜಾಗ ಮುಖ್ಯ. ಮರದ ಟೇಬಲ್ ಮೇಲೆ ನೇರವಾಗಿ ಇಟ್ಟರೆ ತಳದ ಬಿಸಿಗೆ ಮರ ಹತ್ಕೊಳ್ಳಬಹುದು. ಕಡಪ ಕಲ್ಲಿನ ಚಪ್ಪಡಿ ಹಾಸಿ, ಅದರ ಮೇಲೆ ಜೊತೆಗೆ ಬಂದ ಕಾಲು ಅಥವಾ ಸ್ಟ್ಯಾಂಡ್ ಇಟ್ಟು ಕೂರಿಸಿ. ತಲೆ ಮೇಲೆ ಟಾರ್ಪಾಲ್, ತೆಂಗಿನ ಗರಿ ಚಪ್ಪರ ಇರಬಾರದು.

ಯಾವ ಇದ್ದಿಲು?

ಮರದ ಗಟ್ಟಿ ಇದ್ದಿಲು ಎಲ್ಲಕ್ಕಿಂತ ಒಳ್ಳೆಯದು. ಇಸ್ತ್ರಿ ಅಂಗಡಿಗಳಿಗೆ ಬರೋ ಮೂಟೆ ಇದ್ದಿಲು ನಡೆಯುತ್ತೆ, ಆದ್ರೆ ಮೂಟೆ ತಳದಲ್ಲಿ ಪುಡಿ ಜಾಸ್ತಿ ಇರುತ್ತೆ. ಪುಡಿ ತುಂಬಿದ್ರೆ ತೂತು ಮುಚ್ಚಿಕೊಂಡು ಗಾಳಿ ಹೋಗಲ್ಲ, ಬೆಂಕಿ ಏಳಲ್ಲ. ಜರಡಿ ಹಿಡಿದು, ಮೊಟ್ಟೆ ಗಾತ್ರಕ್ಕಿಂತ ದೊಡ್ಡವನ್ನ ಕೆಳಗೆ, ಸಣ್ಣವನ್ನ ಮೇಲೆ ಹಾಕಿ.

ನಮ್ಮ ಜಿಲ್ಲೆಯ ಅರಸೀಕೆರೆ, ಪಕ್ಕದ ತಿಪಟೂರು ಕಡೆ ತೆಂಗಿನ ಚಿಪ್ಪಿಗೆ ಬರ ಇಲ್ಲ. ಚಿಪ್ಪಿನ ಇದ್ದಿಲು ಹೊಗೆ ಕಡಿಮೆ, ಶಾಖ ಜೋರು. ಆದ್ರೆ ಚೂರು ತೆಳು, ಒಂದರ ಮೇಲೊಂದು ಒತ್ತಾಗಿ ಕೂತ್ಕೊಂಡು ಗಾಳಿ ಕಟ್ಟುತ್ತೆ. ಬರೀ ಅದನ್ನೇ ತುಂಬೋ ಬದಲು ಮರದ ಇದ್ದಿಲ ಮೇಲೆ ಒಂದು ಪದರ ಹಾಕಿ.

ಕಮ್ಮಾರರ ಕುಲುಮೆಗೆ ಹಾಕೋ ಕಲ್ಲಿದ್ದಲು ಬೇಡವೇ ಬೇಡ. ಅದು ಬೇರೆ ವಸ್ತು, ಅದರ ಹೊಗೆಯಲ್ಲಿ ಗಂಧಕ ಇರುತ್ತೆ. ಬಣ್ಣ ಬಳಿದ ಮರ, ಪ್ಲೈವುಡ್ ಚೂರು, ನೀಲಗಿರಿ ಕಟ್ಟಿಗೆಯೂ ಬೇಡ. ಹೊಗೆಯ ಪರಿಮಳ ಬೇಕು ಅಂದ್ರೆ ತೋಟದಲ್ಲಿ ಕಸಿ ಮಾಡಿ ಬಿಸಾಕಿರೋ ಕಾಫಿ ಗಿಡದ ಒಣ ಕೊಂಬೆ ಇದೆಯಲ್ಲ, ಹೆಬ್ಬೆರಳು ಗಾತ್ರದ ಎರಡು ತುಂಡು ಕೆಂಡದ ಮೇಲಿಡಿ, ಸಾಕು. ಸೀಬೆ ಮರದ್ದೂ ಆಗುತ್ತೆ. ಜಾಸ್ತಿ ಹಾಕಿದ್ರೆ ಮಾಂಸ ಕಹಿ ಬರುತ್ತೆ.

ಮೊದಲ ಬೆಂಕಿ: ಅಡುಗೆಗಲ್ಲ, ಗ್ರಿಲ್‌ಗೆ

ಹೊಸ ಮಣ್ಣಿನ ಮಡಕೆಯನ್ನ ಪಳಗಿಸ್ತೀವಿ ತಾನೆ, ಇದನ್ನೂ ಪಳಗಿಸಬೇಕು. ಸೆರಾಮಿಕ್ ಒಳಗೆ ತೇವ ಕೂತಿರುತ್ತೆ. ಮೊದಲ ದಿನವೇ ಬಟ್ಟಲು ತುಂಬಾ ಇದ್ದಿಲು ಹಾಕಿ ಉರಿ ಎಬ್ಬಿಸಿದ್ರೆ ಆ ತೇವ ಒಮ್ಮೆಲೇ ಆವಿಯಾಗಿ ಬಿರುಕು ಬಿಡಿಸಬಹುದು. ಅಂಚಿನ ಪಟ್ಟಿಯ ಅಂಟು ಕೂಡ ಇನ್ನೂ ಹಿಡ್ಕೊಂಡಿರಲ್ಲ, ಜೋರು ಶಾಖಕ್ಕೆ ಕಿತ್ಕೊಂಡು ಬರುತ್ತೆ.

ಮೊದಲ ಸಲ ಎರಡು ಮೂರು ಹಿಡಿ ಇದ್ದಿಲು ಮಾತ್ರ. ಶಾಖ 180 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಒಂದೆರಡು ಗಂಟೆ ಹಾಗೇ ಉರಿದು ತಾನಾಗಿ ಆರಲಿ. ಆರಿದ ಮೇಲೆ ಸ್ಪ್ಯಾನರ್ ತಗೊಂಡು ಮುಚ್ಚಳ ಹಿಡಿದಿರೋ ಕಬ್ಬಿಣದ ಪಟ್ಟಿಯ ಬೋಲ್ಟ್‌ಗಳನ್ನ ನೋಡಿ. ಬಿಸಿಗೆ ಹಿಗ್ಗಿ ಸಡಿಲ ಆಗಿರುತ್ತೆ. ಬಿಗಿ ಮಾಡದೆ ಬಿಟ್ಟರೆ ಒಂದು ದಿನ ಮುಚ್ಚಳ ಎತ್ತೋವಾಗ ಜಾರಿ ಕೆಳಗೆ ಬೀಳುತ್ತೆ. ಸೆರಾಮಿಕ್ ಕಲ್ಲಿನ ಮೇಲೆ ಬಿದ್ರೆ ಆಮೇಲೆ ಕಸಪೊರಕೆಯೇ ಗತಿ.

ಹಚ್ಚೋಕೆ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಸೆರಾಮಿಕ್ ಅದನ್ನ ಹೀರ್ಕೊಂಡು ಮುಂದಿನ ಹತ್ತು ಅಡುಗೆಗೂ ವಾಸನೆ ಬಿಡುತ್ತೆ. ಪೂಜೆ ಕರ್ಪೂರವೂ ತಿನ್ನೋ ವಸ್ತು ಅಲ್ಲ. ದೀಪದ ಹತ್ತಿ ಬತ್ತಿ ನಾಲ್ಕೈದು ಸೇರಿಸಿ ಅಡುಗೆ ಎಣ್ಣೆಯಲ್ಲಿ ನೆನೆಸಿ ಇದ್ದಿಲ ನಡುವೆ ಇಟ್ಟು ಹಚ್ಚಿ. ಹತ್ತು ನಿಮಿಷ ಚೆನ್ನಾಗಿ ಉರಿಯುತ್ತೆ, ವಾಸನೆ ಇಲ್ಲ, ಖರ್ಚು ಒಂದೆರಡು ರೂಪಾಯಿ. ಅಲ್ಲಿವರೆಗೆ ಮುಚ್ಚಳ ತೆರೆದಿರಲಿ, ಕೆಳಗಿನ ಕಿಂಡಿ ಪೂರ್ತಿ ತೆರೆದಿರಲಿ.

ಗಾಳಿಯೇ ರೆಗ್ಯುಲೇಟರ್

ಇಲ್ಲೇ ಎಲ್ಲರೂ ಎಡವೋದು. ನಮ್ಮ ಬಚ್ಚಲು ಮನೆಯ ಹಂಡೆ ಒಲೇಲಿ ಉರಿ ಜಾಸ್ತಿ ಆದ್ರೆ ಸೌದೆ ಹಿಂದಕ್ಕೆ ಎಳೀತೀವಿ. ಗ್ಯಾಸ್ ಸ್ಟೌನಲ್ಲಿ ನಾಬ್ ತಿರುಗಿಸ್ತೀವಿ. ಇಲ್ಲಿ ಎರಡೂ ಇಲ್ಲ. ಇದ್ದಿಲು ಎಷ್ಟೇ ತುಂಬಿರಲಿ, ಒಳಗೆ ಹೋಗೋ ಗಾಳಿ ಎಷ್ಟೋ ಅಷ್ಟೇ ಬೆಂಕಿ. ಕೆಳಗಿನ ಕಿಂಡಿ ದೊಡ್ಡ ಹೆಜ್ಜೆ, ಮೇಲಿನ ಕಿಂಡಿ ಸಣ್ಣ ಹೆಜ್ಜೆ ಅಂತ ನೆನಪಿಟ್ಕೊಳ್ಳಿ.

ಇನ್ನೊಂದು ವಿಷಯ. ಈ ಗ್ರಿಲ್ ಬಿಸಿ ಏರೋದು ಸುಲಭ, ಇಳಿಯೋದು ಬಹಳ ಕಷ್ಟ. ದಪ್ಪ ಗೋಡೆ ಒಮ್ಮೆ ಶಾಖ ಕುಡಿದ್ರೆ ಬಿಟ್ಟುಕೊಡಲ್ಲ. 180 ಬೇಕು ಅಂದ್ಕೊಂಡು, ಮಾತಾಡ್ತಾ ಕೂತು 280ಕ್ಕೆ ಹೋಯ್ತು ಅಂದ್ರೆ, ಕಿಂಡಿ ಪೂರ್ತಿ ಮುಚ್ಚಿದ್ರೂ ವಾಪಸ್ ಬರೋಕೆ ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಅಷ್ಟೊತ್ತಿಗೆ ಹಸಿದ ಗೆಸ್ಟ್‌ಗಳು ಅಡುಗೆ ಮನೆಗೇ ಬಂದಿರ್ತಾರೆ.

ಹಾಗಾಗಿ ಬೇಕಾದ ಶಾಖಕ್ಕೆ 20-30 ಡಿಗ್ರಿ ಮುಂಚೆಯೇ ಕಿಂಡಿ ಮುಚ್ಚೋಕೆ ಶುರು ಮಾಡಿ. 180 ಬೇಕಾ? ಮುಚ್ಚಳ ಹಾಕಿ, 150 ದಾಟ್ತಿದ್ದ ಹಾಗೆ ಕೆಳಗಿನ ಕಿಂಡಿಯನ್ನ ಎರಡು ಬೆರಳು ಅಗಲಕ್ಕೆ ತನ್ನಿ, ಮೇಲಿನದ್ದನ್ನ ಕಾಲು ಭಾಗ ಬಿಡಿ. ಇದು ಅಂದಾಜು, ಒಂದೊಂದು ಗ್ರಿಲ್ ಒಂದೊಂದು ಥರ. ಕಿಂಡಿ ಅಲ್ಲಾಡಿಸಿದ ಮೇಲೆ ಹತ್ತು ನಿಮಿಷ ಕೈ ಕಟ್ಕೊಂಡು ಕೂತ್ಕೊಳ್ಳಿ. ಒಂದು ನಿಮಿಷಕ್ಕೊಮ್ಮೆ ತಿರುಗಿಸ್ತಾ ಇದ್ರೆ ಮುಳ್ಳು ಮೇಲೆ ಕೆಳಗೆ ಕುಣೀತಾನೇ ಇರುತ್ತೆ. ನಾಲ್ಕೈದು ಸಲ ಹಚ್ಚಿದ ಮೇಲೆ ನಿಮ್ಮ ಗ್ರಿಲ್‌ನ ಗುರುತು ಸಿಗುತ್ತೆ, ಬೇಕಾದ್ರೆ ಕಿಂಡಿ ಪಕ್ಕ ಮಾರ್ಕರ್‌ನಲ್ಲಿ ಗೆರೆ ಹಾಕಿ.

ಮುಚ್ಚಳದ ಮೇಲಿನ ಮೀಟರ್ ಸರಿ ಇದೆಯಾ ಅಂತ ನೋಡೋಕೆ ಅದರ ಕಡ್ಡಿಯನ್ನ ಬಿಚ್ಚಿ ಕುದಿಯೋ ನೀರಿಗೆ ಅದ್ದಿ. ಪುಸ್ತಕದಲ್ಲಿ 100 ತೋರಿಸಬೇಕು ಅಂತ ಇರುತ್ತೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ. 97 ತೋರಿಸಿದ್ರೆ ಮೀಟರ್ ಸರಿಯಾಗೇ ಇದೆ.

ಮುಚ್ಚಳ ಎತ್ತೋವಾಗ ಹುಷಾರ್

ಕಿಂಡಿ ಕಿರಿದು ಮಾಡಿದಾಗ ಒಳಗೆ ಕೆಂಡ ಗಾಳಿಗಾಗಿ ಹಸಿದಿರುತ್ತೆ. ಆಗ ಮುಚ್ಚಳವನ್ನ ಗಬಕ್ಕನೆ ಎತ್ತಿದ್ರೆ ಗಾಳಿ ಒಮ್ಮೆಲೇ ನುಗ್ಗಿ ಬೆಂಕಿ ಭುಸ್ ಅಂತ ಮುಖಕ್ಕೇ ಬರುತ್ತೆ. ಹುಬ್ಬು, ರೆಪ್ಪೆ, ಮುಂಗೈ ಕೂದಲು ಹೋಗೋದು ಹೀಗೇ. ಮೊದಲು ಎರಡು ಇಂಚು ಮಾತ್ರ ಎತ್ತಿ, ಎರಡು ಮೂರು ಸೆಕೆಂಡ್ ತಡೀರಿ, ಆಮೇಲೆ ನಿಧಾನಕ್ಕೆ ಪೂರ್ತಿ ಎತ್ತಿ. ಪ್ರತಿ ಸಲವೂ. ನೈಲಾನ್ ಟೀ ಶರ್ಟ್, ಜೋತಾಡೋ ಶಾಲು, ಸೆರಗು ಹತ್ತಿರ ಬೇಡ, ಮಕ್ಕಳನ್ನ ದೂರ ನಿಲ್ಲಿಸಿ.

ಸುಟ್ಟರೆ 20 ನಿಮಿಷ ಹರಿಯೋ ತಣ್ಣೀರಿನ ಕೆಳಗೆ ಹಿಡೀರಿ. ಟೂತ್‌ಪೇಸ್ಟ್, ಇಂಕು, ಅರಿಶಿನ ಮೆತ್ತಬೇಡಿ.

ಮೊದಲ ಕೋಳಿ

ಮೊದಲ ಅಡುಗೆಗೆ ಲೆಗ್ ಪೀಸ್ ಒಳ್ಳೆಯದು, ಸ್ವಲ್ಪ ಹೆಚ್ಚು ಕಡಿಮೆ ಆದ್ರೂ ಒಣಗಲ್ಲ. 13 ಇಂಚಿನ ಜಾಲರಿ ಮೇಲೆ ಐದಾರು ಪೀಸ್ ಆರಾಮಾಗಿ ಕೂರುತ್ತೆ. ಅಡ್ಡತಟ್ಟೆ ಇಟ್ಟು, 180ಕ್ಕೆ ನಿಲ್ಲಿಸಿ, ಮುಚ್ಚಳ ಹಾಕಿ 35-45 ನಿಮಿಷ ಬಿಡಿ. ಮಧ್ಯೆ ಮಧ್ಯೆ ಇಣುಕಬೇಡಿ. ಅಡ್ಡತಟ್ಟೆ ಇಲ್ಲದೆ ಇಟ್ಟರೆ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಉರಿ ಏಳುತ್ತೆ, ಮೊಸರು ಮಸಾಲೆ ಐದು ನಿಮಿಷಕ್ಕೇ ಕಪ್ಪಾಗುತ್ತೆ, ಮೂಳೆ ಹತ್ತಿರ ಮಾತ್ರ ರಕ್ತ ಹಾಗೇ ಇರುತ್ತೆ. ಬೆಂದ ಮೇಲೆ ಬೇಕಾದ್ರೆ ಇಕ್ಕಳದಲ್ಲಿ ಅಡ್ಡತಟ್ಟೆ ತೆಗೆದು, ಕೊನೆಯ ಎರಡು ಮೂರು ನಿಮಿಷ ನೇರ ಕೆಂಡದ ಮೇಲೆ ಬಣ್ಣ ಬರಿಸಿ. ಬಿಸಿ ತಟ್ಟೆಯನ್ನ ಒದ್ದೆ ನೆಲದ ಮೇಲೆ ಇಡಬೇಡಿ, ಒಡೆಯುತ್ತೆ.

ಬೆಂದಿದೆಯಾ ಅನ್ನೋದನ್ನ ಬಣ್ಣ ನೋಡಿ ಹೇಳೋಕಾಗಲ್ಲ. ಚುಚ್ಚಿ ನೋಡೋ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ದಪ್ಪ ಭಾಗದಲ್ಲಿ, ಮೂಳೆಗೆ ತಾಗದ ಹಾಗೆ ಚುಚ್ಚಿ. 74 ಡಿಗ್ರಿ ಬಂದ್ರೆ ಕೋಳಿ ಬೆಂದಿದೆ. ಹೋಂಸ್ಟೇಯವರಿಗೆ ಇದು ಗ್ರಿಲ್‌ಗಿಂತ ಮುಖ್ಯ ಅಂತ ನಾನಂತೂ ಹೇಳ್ತೀನಿ. ಗೆಸ್ಟ್ ಹೊಟ್ಟೆ ಕೆಟ್ಟರೆ ಗೂಗಲ್‌ನಲ್ಲಿ ಬೀಳೋ ಒಂದು ಸ್ಟಾರ್ ವರ್ಷಗಟ್ಟಲೆ ಹೋಗಲ್ಲ.

ಆರಿಸೋದು ನೀರಿಂದಲ್ಲ

ಅಡುಗೆ ಮುಗೀತು ಅಂತ ಚೊಂಬು ನೀರು ಹೊಯ್ಯೋ ಅಭ್ಯಾಸ ನಮಗಿದೆ. ಇಲ್ಲಿ ಹಾಗೆ ಮಾಡಿದ್ರೆ ಬಿಸಿ ಸೆರಾಮಿಕ್ ಬಿರುಕು ಬಿಡುತ್ತೆ, ಆವಿ ಕೈ ಸುಡುತ್ತೆ. ಎರಡೂ ಕಿಂಡಿ ಪೂರ್ತಿ ಮುಚ್ಚಿ, ಅಷ್ಟೇ. ಗಾಳಿ ಇಲ್ಲದೆ ಬೆಂಕಿ ತಾನೇ ಸಾಯುತ್ತೆ, ಉಳಿದ ಇದ್ದಿಲು ನಾಳೆಗೂ ಆಗುತ್ತೆ. ಇದೇ ಇದರ ದೊಡ್ಡ ಉಳಿತಾಯ. ಬಟ್ಟಲು ತುಂಬಿಸಿ ಸಣ್ಣ ಉರೀಲಿ ಇಟ್ಟರೆ ಐದಾರು ಗಂಟೆ ನಡೆಯುತ್ತೆ.

ಆದ್ರೆ ಪೂರ್ತಿ ಆರೋಕೆ ಗಂಟೆಗಟ್ಟಲೆ ಬೇಕು. ಹೊರಗೆ ಮುಟ್ಟಿದ್ರೆ ತಣ್ಣಗಿದ್ರೂ ಒಳಗೆ ಕೆಂಡ ಜೀವಂತ ಇರಬಹುದು. ಬೂದಿ ತೆಗೆಯೋದು ಮಾರನೇ ದಿನ, ಅದೂ ತಗಡಿನ ಡಬ್ಬಕ್ಕೆ. ಪ್ಲಾಸ್ಟಿಕ್ ಬಕೆಟ್‌ಗೆ, ತರಗೆಲೆ ಗುಡ್ಡೆಗೆ ಬೇಡ.

ರೂಮಿನೊಳಗೆ ಬೇಡ, ಟೆಂಟ್ ಒಳಗೂ ಬೇಡ

ಇದನ್ನ ದಯವಿಟ್ಟು ನಿಮ್ಮ ಹೋಂಸ್ಟೇ ಹುಡುಗರಿಗೂ ಓದಿ ಹೇಳಿ. ಇದ್ದಿಲು ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ಅನಿಲ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣ್ತಿಲ್ಲ ಅಂದ್ರೆ ಅನಿಲ ಇಲ್ಲ ಅಂತ ಅಲ್ಲ. ಹೊಗೆ ಬಿಡದ ಕೆಂಪು ಕೆಂಡದಿಂದಲೇ ಇದು ಬರುತ್ತೆ, ಗಾಳಿ ಕಡಿಮೆ ಆದಷ್ಟೂ ಜಾಸ್ತಿ. ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್‌ಗೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟು ಹೆಚ್ಚು ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ದೇಹಕ್ಕೆ ಉಸಿರು ಸಿಗಲ್ಲ. ಮಲಗಿದ್ದವರಿಗೆ ಎಚ್ಚರವೂ ಆಗಲ್ಲ.

ಡಿಸೆಂಬರ್ ಚಳೀಲಿ, ಜುಲೈ ಮಳೇಲಿ, "ಕೆಂಡ ಹೇಗೂ ಇದೆ, ರೂಮಿಗೆ ಇಟ್ಕೊಂಡ್ರೆ ಬೆಚ್ಚಗಿರುತ್ತೆ" ಅಂತ ಕೇಳೋ ಗೆಸ್ಟ್‌ಗಳು ಇರ್ತಾರೆ. ಕೊಡಬೇಡಿ. ಟಿಪ್ಸ್ ಕೊಟ್ಟರೂ ಕೊಡಬೇಡಿ. ಕಿಟಕಿ ಸ್ವಲ್ಪ ತೆಗೆದಿಟ್ಟರೆ ಸಾಕಾಗಲ್ಲ. ಕಿಂಡಿ ಮುಚ್ಚಿ ಆರಿಸೋಕೆ ಬಿಟ್ಟ ಗ್ರಿಲ್ ಕೂಡ ಗಂಟೆಗಟ್ಟಲೆ ಅನಿಲ ಬಿಡ್ತಿರುತ್ತೆ, ಅದನ್ನ ಕಾರ್ ಶೆಡ್‌ಗೆ, ಮುಚ್ಚಿದ ವರಾಂಡಕ್ಕೆ ಎಳೀಬೇಡಿ, ಜೀಪಿನ ಹಿಂದೆ ಹಾಕ್ಕೊಂಡು ಬರಬೇಡಿ.

ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲ ಅನ್ಸೋದು ಇದರ ಲಕ್ಷಣ. ಒಂದೇ ರೂಮಿನ ಇಬ್ಬರು ಮೂವರಿಗೆ ಒಟ್ಟಿಗೇ ಹೀಗಾದ್ರೆ ಊಟ ಹೆಚ್ಚಾಯ್ತು, ಡ್ರಿಂಕ್ಸ್ ಹೆಚ್ಚಾಯ್ತು ಅಂತ ಸುಮ್ಮನಾಗಬೇಡಿ. ಬಾಗಿಲು ತೆರೆದು ಮೊದಲು ಹೊರಗಿನ ಗಾಳಿಗೆ ತನ್ನಿ, 108ಕ್ಕೆ ಫೋನ್ ಮಾಡಿ, ಇದ್ದಿಲಿನ ವಿಷಯ ಡಾಕ್ಟರಿಗೆ ಹೇಳಿ. ಕೋವಿಡ್ ಟೈಮಲ್ಲಿ ತಂದ ಬೆರಳಿಗೆ ಹಾಕೋ ಆಕ್ಸಿಮೀಟರ್ ಮನೇಲಿರುತ್ತೆ. ಅದನ್ನ ನಂಬಬೇಡಿ. ಈ ಅನಿಲವನ್ನೂ ಆಮ್ಲಜನಕವನ್ನೂ ಅದು ಬೇರೆ ಮಾಡಿ ನೋಡಲ್ಲ, ಮನುಷ್ಯ ಸಾಯ್ತಿದ್ರೂ 98 ತೋರಿಸಬಹುದು. ಅನಿಲ ಬಂದ್ರೆ ಕೂಗೋ ಅಲಾರಂ ಆನ್‌ಲೈನಲ್ಲಿ ಸಿಗುತ್ತೆ, ರೂಮುಗಳಿಗೆ ಒಂದೊಂದು ಹಾಕಿಸೋದು ದೊಡ್ಡ ಖರ್ಚಲ್ಲ.

ಅಂಗಡಿಗೆ ತಗೋಬಹುದಾ?

ಕಬಾಬ್ ಅಂಗಡಿಯವರು ಇದನ್ನೇ ಕೇಳೋದು. ನನ್ನ ಪ್ರಕಾರ ಬೇಡ. ಸಂಜೆ ಏಳಕ್ಕೆ ಹತ್ತು ಜನ ಒಟ್ಟಿಗೆ ನಿಂತ್ರೆ ಐದಾರು ಪೀಸ್ ಹಿಡಿಯೋ ಗ್ರಿಲ್ ಯಾವ ಮೂಲೆಗೆ? ಎರಡು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿದ್ರೆ ಗಾಳಿ ನುಗ್ಗಿ ಶಾಖ ಕೈಗೆ ಸಿಗಲ್ಲ, ಆಗ ಸೆರಾಮಿಕ್‌ಗೆ ಕೊಟ್ಟ ದುಡ್ಡು ದಂಡ. ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ ಉದ್ದನೆ ಕಬ್ಬಿಣದ ಇದ್ದಿಲು ಒಲೆಯೇ ಅಂಗಡಿಗೆ ಸರಿ. ನಾಲ್ಕೈದು ರೂಮಿನ ಹೋಂಸ್ಟೇ ಆದ್ರೆ, ಸಾಯಂಕಾಲ ಇಡೀ ಕೋಳಿಯೊಂದನ್ನ ನಿಧಾನಕ್ಕೆ ಸುಟ್ಟು ಕೊಡ್ತೀವಿ ಅನ್ನೋರಿಗೆ ಆದ್ರೆ, ಇದು ಚೆನ್ನ. ಊಟ ಮಾರೋರಿಗೆ ಒಲೆ ಯಾವುದಾದ್ರೂ ಆಹಾರ ಸುರಕ್ಷತೆಯ ನೋಂದಣಿ ಇರಲೇಬೇಕು. 2024ರ ಜೂನ್‌ನಿಂದ ರಾಜ್ಯದಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕೋದು ನಿಷೇಧ ಅನ್ನೋದೂ ನೆನಪಿರಲಿ. ಕೆಂಪು ಬೇಕು ಅಂದ್ರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ.

ಮಳೆಗಾಲಕ್ಕೆ

ಜೂನ್ ಬಂತು ಅಂದ್ರೆ ನಮ್ಮಲ್ಲಿ ಗ್ರಿಲ್ ಎರಡು ಮೂರು ತಿಂಗಳು ಮೂಲೆ ಸೇರುತ್ತೆ. ಕೊಬ್ಬಿನ ಜಿಡ್ಡು, ಉಳಿದ ಇದ್ದಿಲು ಒಳಗಿಟ್ಟು ಕಿಂಡಿ ಮುಚ್ಚಿ ಬಿಟ್ಟರೆ ಸೆಪ್ಟೆಂಬರ್‌ಗೆ ತೆರೆದಾಗ ಒಳಗೆಲ್ಲ ಬೂಷ್ಟು. ಇಡೋ ಮುಂಚೆ ಇದ್ದಿಲು, ಬೂದಿ ಪೂರ್ತಿ ತೆಗೀರಿ, ಮೇಲಿನ ಕಿಂಡಿಗೆ ನೀರು ಇಳಿಯದ ಕಡೆ ಇಟ್ಟು, ಕೆಳಗಿನ ಕಿಂಡಿ ಸ್ವಲ್ಪ ತೆರೆದಿಡಿ. ಬೂಷ್ಟು ಬಂದೇಬಿಟ್ರೆ ಸೋಪು ಹಾಕಿ ತೊಳೀಬೇಡಿ, ಸೆರಾಮಿಕ್ ಸೋಪನ್ನೂ ಹೀರುತ್ತೆ. ಮೊದಲು ಸಣ್ಣ ಉರೀಲಿ ತೇವ ಓಡಿಸಿ, ಆಮೇಲೆ 250ರಲ್ಲಿ ಅರ್ಧ ಗಂಟೆ ಉರಿಸಿ, ಆರಿದ ಮೇಲೆ ಬ್ರಷ್ ಹಾಕಿ ಉಜ್ಜಿ. ಮಳೇಲಿ ತೇವ ಹಿಡಿದ ಇದ್ದಿಲು ಚಟಪಟ ಸಿಡಿದು ಕಿಡಿ ಹಾರುತ್ತೆ, ಅದನ್ನ ಒಂದು ದಿನ ಬಿಸಿಲಿಗೆ ಹಾಕಿ. ಬಿಸಿಲೇ ಇಲ್ಲ ಅಂದ್ರೆ ಕಾಫಿ ಒಣಗಿಸೋರ ಹಾಗೆ ಕಾಯೋದೊಂದೇ ದಾರಿ.